ಬ್ರೇಕಿಲ್ಲದ ಬೈಕಿಗೆ ಕಂಬಳದ ನೀರು

ಕಳೆದ ಶುಕ್ರವಾರ ನನ್ನ ಬಿಳಿ ಅಂಗಿಯ ತುಂಬ ಕೆಸರಾಯಿತು.

ಅದರಲ್ಲೇನು ವಿಶೇಷ ಅಂತೀರಾ? ನಾನಿರುವುದು ಸೌದಿ ಅರೇಬಿಯಾದಲ್ಲಿ ಸ್ವಾಮಿ! ಇಲ್ಲಿ ಅಂಗಿಗೆ ಮರಳು ಹತ್ತುತ್ತದೆ, ಗ್ರೀಸ್ ಹತ್ತುತ್ತದೆ, ಬೆವರು ಒಣಗಿ ಬೆನ್ನ ಮೇಲೆ ಉಪ್ಪಿನ ಗೆರೆ ಮೂಡುತ್ತದೆ. ಆದರೆ ಕೆಸರು? ನಾಲ್ಕು ಹನಿ ಮಳೆ ಬಿದ್ದರೆ ಕ್ಯಾಂಪಿನವರೆಲ್ಲ ಹೊರಗೆ ಓಡಿ ಬಂದು ಆಕಾಶಕ್ಕೆ ಮುಖವೊಡ್ಡಿ ನಿಲ್ಲುವ ಜಾಗ ಇದು. ಲಾಂಡ್ರಿಯ ಬಂಗಾಳಿ ಆ ಅಂಗಿಯನ್ನು ಎತ್ತಿ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿ, "ಸಾಬ್, ಛುಟ್ಟಿ ಗಯಾ ಥಾ ಕ್ಯಾ?" ಎಂದು ಕೇಳಿದ. ರಜೆಗೆ ಊರಿಗೆ ಹೋಗಿದ್ದೆನಾ ಎಂದು!

ನಾನು ಊರಿಗೆ ಹೋಗಿರಲಿಲ್ಲ. ಊರೇ ಇಲ್ಲಿಗೆ ಬಂದಿತ್ತು, ಟ್ಯಾಂಕರಿನಲ್ಲಿ.

ವಿಷಯಕ್ಕೆ ಬರುತ್ತೇನೆ. ರಾಸ್ ತನೂರಾದ ರಿಫೈನರಿಯ ಚಿಮಣಿಗಳು ಕಣ್ಣಿಗೆ ಕಾಣುವಷ್ಟು ದೂರದಲ್ಲಿ ನಮ್ಮ ಕಂಟ್ರಾಕ್ಟ್ ಕ್ಯಾಂಪ್ ಇದೆ. ನಾನು ಅಲ್ಲಿ ಟೈಮ್‌ಕೀಪರ್. ಕ್ಯಾಂಪಿನ ಬೇಲಿಯಾಚೆ, ಗಟ್ಟಿ ಮಣ್ಣು ಹಾಸಿ ಮಾಡಿದ ಮೊಟ್ಟೆಯಾಕಾರದ ಒಂದು ಟ್ರ್ಯಾಕ್. ಚಳಿಗಾಲದ ಶುಕ್ರವಾರಗಳಂದು ಅಲ್ಲಿ ಬೈಕ್ ರೇಸ್. ಸ್ಪೀಡ್‌ವೇ ಅನ್ನುತ್ತಾರೆ. ಒಂದು ರೇಸಿಗೆ ನಾಲ್ಕು ಸವಾರರು, ನಾಲ್ಕು ಸುತ್ತು. ತಿರುವೆಲ್ಲ ಎಡಕ್ಕೇ. ಹಿಂದಿನ ಚಕ್ರವನ್ನು ಹೊರಕ್ಕೆ ಜಾರಿಸಿ, ಎಡಗಾಲನ್ನು ನೆಲಕ್ಕೆ ಉಜ್ಜುತ್ತ ತಿರುಗಬೇಕು. ಬೈಕಿಗೆ ಬ್ರೇಕೇ ಇಲ್ಲ! (ಈ ಆಟ ಕಂಡುಹಿಡಿದವನ ಹೆಂಡತಿ ಎಷ್ಟು ಪೂಜೆ ಮಾಡಿರಬೇಕು ಎಂದು ನನಗೆ ಆಗಾಗ ಅನ್ನಿಸುವುದುಂಟು.)

ಓಡಿಸುವವರು ಇಂಗ್ಲಿಷರು, ಆಸ್ಟ್ರೇಲಿಯನ್ನರು. ನೋಡುವವರು? ಅವರ ದೇಶದವರು ರಜೆಯ ದಿನ ಸಮುದ್ರದ ದಂಡೆಗೆ ಹೋಗುತ್ತಾರೆ. ಟ್ರ್ಯಾಕಿನ ಪಕ್ಕದ ದಿಬ್ಬದ ಮೇಲೆ ಧೂಳು ಕುಡಿಯುತ್ತ ಕೂರುವವರು ನಮ್ಮವರು. ಮಂಗಳೂರು, ಉಡುಪಿ, ಭಟ್ಕಳದವರು. ವೆಲ್ಡರು, ಡ್ರೈವರು, ಮೆಸ್ಸಿನ ಅಡುಗೆಯವರು. ಒಬ್ಬನದು ತುಳು, ಒಬ್ಬನದು ಬ್ಯಾರಿ, ಇನ್ನೊಬ್ಬನದು ನವಾಯತಿ, ನನ್ನದು ಕೊಂಕಣಿ. ಹಾಗಾಗಿ ದಿಬ್ಬದ ಭಾಷೆ ಕನ್ನಡ. ಬೆಟ್ಟಿಂಗ್ ಇಲ್ಲ. (ಸೌದಿಯಲ್ಲಿ ಬೆಟ್ಟಿಂಗ್ ಕಟ್ಟಿದರೆ ಏನಾಗುತ್ತದೆಂದು ಪರೀಕ್ಷಿಸಿ ನೋಡುವ ಆಸೆ ಯಾರಿಗೂ ಇಲ್ಲ.) ಟಿಕೆಟ್ ಇಲ್ಲ, ನೆರಳಿಲ್ಲ, ಗೆದ್ದವನಿಗೆ ಒಂದು ಕಪ್ಪೂ ಇಲ್ಲ. ಆದರೂ ಮೆಸ್ಸಿನಲ್ಲಿ ಬಿರಿಯಾನಿ ಮುಗಿಸಿ ಕೈ ತೊಳೆದವರು ನೇರ ಅಲ್ಲಿಗೇ ಹೋಗುತ್ತಾರೆ.

ಯಾಕೆ? ನಾನೂ ಕೇಳಿಕೊಂಡಿದ್ದೇನೆ. ವಾರದ ಆರು ದಿನ ಇವರ ಬಾಯಿಗೆ ಇರುವುದು ಒಂದೇ ಕೆಲಸ, "ಯೆಸ್ ಸರ್" ಅನ್ನುವುದು. ಗಂಟಲು ಹರಿಯುವಂತೆ ಕೂಗಲು ಮನುಷ್ಯನಿಗೆ ಎಲ್ಲಾದರೂ ಒಂದು ಜಾಗ ಬೇಡವೇ?

ಕೂಗುವುದಾದರೂ ಹೇಗೆ! ನಮ್ಮ ದಿಬ್ಬದ ಮುಖಂಡರು ಇಬ್ಬರು. ಒಬ್ಬರು ನೀರಿನ ಟ್ಯಾಂಕರಿನ ಡ್ರೈವರ್ ಮೋನುಚ್ಚ, ಉಳ್ಳಾಲದವರು, ಐವತ್ತು ದಾಟಿದವರು. ಇನ್ನೊಬ್ಬ ವೆಲ್ಡರ್ ಸದಾನಂದ, ಮೂಡಬಿದಿರೆ ಕಡೆಯವನು. ಅವನ ಮನೆಯಲ್ಲಿ ತಲೆಮಾರುಗಳಿಂದ ಕಂಬಳದ ಕೋಣ ಸಾಕುತ್ತಾರೆ. ಅವನಿಗೆ ಈ ಟ್ರ್ಯಾಕ್ ಟ್ರ್ಯಾಕಲ್ಲ, ಕೋಣ ಓಡುವ 'ಕರೆ'. ಸವಾರರಿಗೆಲ್ಲ ಅವನು ಕೋಣಗಳ ಹೆಸರೇ ಇಟ್ಟಿದ್ದಾನೆ. ಟರ್ಬೈನ್ ಫಿಟ್ಟರ್ ಡೆರಿಕ್ ಎಂಬ ಇಂಗ್ಲಿಷಿನವನ ಹೆಸರು 'ಬೊಳ್ಳ'. ಬೊಳ್ಳ ಅಂದರೆ ತುಳುವಿನಲ್ಲಿ ಬಿಳಿಯ. ಅದು ಕೋಣನ ಹೆಸರು ಎಂದು ಡೆರಿಕ್‌ಗೆ ಗೊತ್ತು. ಗೊತ್ತಾದ ದಿನ ಅವನು ಎದೆಯುಬ್ಬಿಸಿ ದಿಬ್ಬದ ಮುಂದೆ ಎರಡು ಸಲ ಓಡಾಡಿದ್ದ. ಅವನ ಎಡಗಾಲಿನ ಬೂಟಿಗೆ ಕಬ್ಬಿಣದ ಅಟ್ಟೆ ಕೂರಿಸಿ ವೆಲ್ಡ್ ಮಾಡಿಕೊಡುವವನು ಸದಾನಂದನೇ.

ಇಂಥ ಸುಖಕ್ಕೆ ಯಾರ ಕಣ್ಣು ಬಿತ್ತೋ, ಎಣ್ಣೆಯ ಬೆಲೆ ಬಿತ್ತು. ನಿಮಗಲ್ಲಿ ಪೇಪರಿನ ಮೂಲೆಯಲ್ಲಿ ಬರುವ ಸುದ್ದಿ. ನಮಗಿಲ್ಲಿ ಪಾಸ್‌ಪೋರ್ಟಿನ ಮೇಲೆ ಬೀಳುವ 'ಎಕ್ಸಿಟ್ ಓನ್ಲಿ' ಸೀಲು. ದೊಡ್ಡ ಸಂಬಳದವರೇ ಮೊದಲು ಹೋದರು. ಒಂದು ಶುಕ್ರವಾರ ಇದ್ದವನು ಮುಂದಿನ ಶುಕ್ರವಾರ ಇಲ್ಲ. ಒಂದು ಸಂಜೆಗೆ ಏಳೆಂಟು ರೇಸ್ ನಡೆಯುತ್ತಿದ್ದಲ್ಲಿ ಮೂರಾಯಿತು, ಎರಡಾಯಿತು. ಕೊನೆಗೆ ಉಳಿದವರು ನಾಲ್ಕೇ ಜನ: ಡೆರಿಕ್, ಇನ್ನಿಬ್ಬರು ಇಂಗ್ಲಿಷರು ಮತ್ತು ಅವರಿಂದಲೇ ಕಲಿತ ಒಬ್ಬ ಸೌದಿ ತರುಣ. ಸವಾರರು ಕರಗಿದರೂ ದಿಬ್ಬ ಕರಗಲಿಲ್ಲ. ಇದನ್ನು ಮಾತ್ರ ನಾನು ತಲೆಬಾಗಿ ಹೇಳಲೇಬೇಕು.

ಆಗ ಬಂತು ಕ್ಯಾಂಪ್ ಮ್ಯಾನೇಜರನ ಅಪ್ಪಣೆ. ಅವನು ಲೆಬನಾನಿನವನು, ಕೆಟ್ಟವನಲ್ಲ. ಅವನಿಗೆ ಪೈಪು ಪೇರಿಸಿಡಲು ಜಾಗ ಬೇಕಿತ್ತು. "ಶುಕ್ರವಾರ ನಾನೇ ಬಂದು ನೋಡುತ್ತೇನೆ. ನಾಲ್ಕು ಬೈಕು, ಒಂದು ಪೂರ್ತಿ ರೇಸು. ಅಷ್ಟಾದರೆ ಟ್ರ್ಯಾಕ್ ನಿಮ್ಮದು. ಇಲ್ಲವಾದರೆ ಶನಿವಾರ ಪೈಪು ಬರುತ್ತದೆ, ಖಲಾಸ್," ಎಂದ. ಡೆರಿಕ್‌ನ ಪಾಸ್‌ಪೋರ್ಟಿಗೂ ಸೀಲು ಬಿದ್ದಾಗಿತ್ತು. ಮಂಗಳವಾರ ಅವನ ವಿಮಾನ. ಅಂದರೆ ನಾಲ್ಕು ಬೈಕು ಒಟ್ಟಿಗೆ ನಿಲ್ಲಲು ಇದ್ದದ್ದು ಅದೊಂದೇ ಶುಕ್ರವಾರ.

ತಾಪತ್ರಯ ಇನ್ನೂ ಒಂದಿತ್ತು. ಧೂಳು ಏಳದಂತೆ ಟ್ರ್ಯಾಕಿಗೆ ನೀರು ಹೊಡೆಯುತ್ತಿದ್ದ ಆಸ್ಟ್ರೇಲಿಯನ್ ಎಂದೋ ಊರು ಸೇರಿದ್ದ. ಈಗ ಅಲ್ಲಿ ಯಾವ ಪರಿ ಧೂಳೆಂದರೆ, ಎರಡನೆಯ ಸುತ್ತಿಗೆ ಸವಾರನಿಗೆ ತನ್ನ ಮುಂದಿನ ಚಕ್ರವೇ ಕಾಣುತ್ತಿರಲಿಲ್ಲ. ಡೆರಿಕ್ ಬಂದು ಕೇಳಿದ್ದು ಇಷ್ಟೇ: "ಮೋನು, ಸ್ವಲ್ಪ ನೀರು ಸಿಕ್ಕೀತಾ?"

ಮೋನುಚ್ಚನಿಗೆ ಇದು ಹಜ್ ಯಾತ್ರಿಕನಿಗೆ ನೀರು ಕೊಡುವಷ್ಟೇ ಪುಣ್ಯದ ಕೆಲಸವಾಗಿಬಿಟ್ಟಿತು. ವೀಸಾ ಕೊಟ್ಟ ಧಣಿ ಕಫೀಲನ ಮನೆಗೆ ಹೋಗಿ, ಚಹಾ ಕುಡಿದು, ರಜೆಯ ದಿನ ಟ್ಯಾಂಕರ್ ಒಯ್ಯಲು ಒಪ್ಪಿಗೆ ಪಡೆದುಕೊಂಡು ಬಂದರು. ರಸ್ತೆ ಕೆಲಸಕ್ಕೆ ಬಳಸುವ ಬಾವಿಯ ಉಪ್ಪುನೀರು. ಶುಕ್ರವಾರ ಜುಮಾ ನಮಾಜು ಮುಗಿದದ್ದೇ ತುಂಬಿದ ಟ್ಯಾಂಕರ್ ಟ್ರ್ಯಾಕಿನ ಬಾಯಿಗೆ ಬಂತು. ಮುಂದೆ ಸದಾನಂದ ಲುಂಗಿ ಎತ್ತಿಕಟ್ಟಿ, ಕೈಬೀಸಿ ದಾರಿ ತೋರಿಸುತ್ತಿದ್ದ.

ಒಂದು ಸುತ್ತು ನೀರು ಬಿಟ್ಟಾಯಿತು. ಧೂಳು ಅಡಗಿತು. ನನಗೆ ಸಾಕೆನ್ನಿಸಿತು. ಆ ಆಸ್ಟ್ರೇಲಿಯನ್ ಬಿಡುತ್ತಿದ್ದದ್ದು ಇಸ್ತ್ರಿಗೆ ಮೊದಲು ಬಟ್ಟೆಗೆ ಚಿಮುಕಿಸುವಷ್ಟು ನೀರು.

"ಸಾಕಲ್ಲ ಮಾರಾಯ?" ಎಂದೆ.

"ಎಂತ ಸಾಕು ಪೈಗಳೇ?" ಸದಾನಂದ ನನ್ನನ್ನು ನೋಡಿದ ರೀತಿ ನೋಡಬೇಕಿತ್ತು. "ಕರೆಗೆ ನೀರು ಕಮ್ಮಿ ಆದ್ರೆ ಕೋಣ ಕಾಲು ಮುರ್ಕೊಳ್ತದೆ. ನೀವು ಅಂಗಡಿ ಬೀದಿಯವ್ರು, ನಿಮ್ಗೆ ಇದೆಲ್ಲ ಗೊತ್ತಾಗುದಿಲ್ಲ."

"ಹೌದಾ?" ಮೋನುಚ್ಚ ಸ್ಟಿಯರಿಂಗ್ ಹಿಂದಿನಿಂದ ಕೇಳಿದರು.

"ಹೌದು ಮೋನುಚ್ಚ, ಬಿಡಿ. ಇನ್ನೊಂದು ಟ್ಯಾಂಕ್ ತನ್ನಿ. ಬೊಳ್ಳ ಬಿದ್ರೆ ಪೆಟ್ಟಾಗ್ಬಾರ್ದು. ಊರಿಗೆ ಹೋಗುವ ಜನ."

ಇಲ್ಲಿದೆ ನೋಡಿ ಪ್ರೀತಿಯ ತೊಂದರೆ. ಡೆರಿಕ್‌ಗೆ ಪೆಟ್ಟಾಗಬಾರದು ಎಂದು ಎರಡನೆಯ ಟ್ಯಾಂಕರ್ ಬಂತು. ಹಾಕಿ, ತುಳಿದು, ಮತ್ತೆ ಹಾಕಿದರು. ಸದಾನಂದ ತಿರುವಿನಲ್ಲಿ ನಿಂತು ಹಿಮ್ಮಡಿಯಿಂದ ನೀರು ಚಿಮ್ಮಿಸಿ, ಅದು ಎಷ್ಟು ಎತ್ತರ ಹಾರುತ್ತದೆಂದು ಪರೀಕ್ಷೆ ಮಾಡಿದ. ಅದರಲ್ಲಿ ಒಂದು ಭಾಗ ನನ್ನ ಅಂಗಿಯ ಮೇಲೆ ಬಂತು. ದಿಬ್ಬದವರೆಲ್ಲ ಎದ್ದು ನಿಂತು ನೋಡಿ ತಲೆದೂಗಿದರು. ಸುಳ್ಳೇಕೆ ಹೇಳಲಿ, ನೋಡಲು ಬಹಳ ಚೆನ್ನಾಗಿತ್ತು. ಯಾವ ಕೋಣವಾದರೂ ಸಂತೋಷದಿಂದ ಇಳಿಯುವಂಥ ಕರೆ.

ನಾಲ್ಕು ಗಂಟೆಗೆ ಸವಾರರು ಬಂದರು. ಡೆರಿಕ್ ಹೆಲ್ಮೆಟ್ ತೆಗೆದ. ಬಗ್ಗಿ, ಬೆರಳು ಅದ್ದಿದ. ಬೆರಳು ಮುಳುಗಿತು.

"ಮೋನು," ಎಂದ, "ಇಲ್ಲಿ ಮೀನು ಸಾಕ್ತೀರಾ?"

"ನೋ ಡಸ್ಟ್, ಮಿಸ್ಟರ್ ಡೆರಿಕ್," ಎಂದರು ಮೋನುಚ್ಚ, ಹೆಮ್ಮೆಯಿಂದ. "ಮಾಫಿ ಡಸ್ಟ್!"

ಸೌದಿ ತರುಣ ಧೈರ್ಯ ಮಾಡಿ ಬೈಕು ಇಳಿಸಿದ. ಮೊದಲ ತಿರುವಿನಲ್ಲಿ ಬೈಕು ಒಂದು ಕಡೆ, ಅವನು ಒಂದು ಕಡೆ. ಪೆಟ್ಟೇನೂ ಆಗಲಿಲ್ಲ, ಆ ಮಟ್ಟಿಗೆ ಸದಾನಂದನ ಲೆಕ್ಕ ಸರಿ. ಆದರೆ ಬೈಕನ್ನು ಎಳೆದು ತೆಗೆಯಲು ಆರು ಜನ ಬೇಕಾದರು. ಅದೇ ಹೊತ್ತಿಗೆ ಮ್ಯಾನೇಜರನ ಕಾರು ಬಂದು ನಿಂತಿತು. ಅವನು ಪಾಲಿಶ್ ಮಾಡಿದ ಬೂಟನ್ನು ನೋಡಿಕೊಂಡ, ಟ್ರ್ಯಾಕ್ ನೋಡಿದ, ಕೆಳಗಿಳಿಯಲಿಲ್ಲ. ಕಿಟಕಿಯಿಂದಲೇ, "ಸೂರ್ಯ ಮುಳುಗಿ ಮಗ್ರಿಬ್ ಬಾಂಗ್ ಆಗುವ ತನಕ ಇರುತ್ತೇನೆ. ಆಮೇಲೆ ಹೋಗುತ್ತೇನೆ," ಎಂದ.

ಸದಾನಂದನ ಮುಖ ನೋಡಲಾಗುತ್ತಿರಲಿಲ್ಲ. ಇಷ್ಟು ವರ್ಷ ಕಾದು, ಉಳಿಸಿಕೊಳ್ಳಲು ಹೋಗಿ, ತಾನೇ ಕೈಯಾರೆ ಮುಳುಗಿಸಿದೆ ಎಂಬ ಸಂಕಟ. ಯಾರೊಬ್ಬರೂ ಅವನಿಗೆ ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತೋ ಏನೋ.

ಮೊದಲು ಎದ್ದವರು ಮೋನುಚ್ಚ. "ಕೂತ್ರೆ ಎಂತ ಆಗ್ತದೆ? ಮರಳಿಗೆ ಇಲ್ಲಿ ಬರಗಾಲವಾ? ಯಲ್ಲಾ!" ಎಂದು, ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ದಿಬ್ಬದ ಹಿಂದಿನ ಒಣ ಮರಳನ್ನು ಅದರಲ್ಲಿ ತುಂಬಿ, ಹೆಗಲ ಮೇಲೆ ಹಾಕಿಕೊಂಡು ನಡೆದರು.

ಆಮೇಲೆ ನಡೆದದ್ದನ್ನು ನಾನು ಬದುಕಿರುವತನಕ ಮರೆಯುವುದಿಲ್ಲ. ಅಷ್ಟೂ ಜನ ಎದ್ದರು. ತಲೆವಸ್ತ್ರ, ಲುಂಗಿ, ಅಕ್ಕಿಯ ಚೀಲ, ಕಾರಿನ ಮ್ಯಾಟು. ಮೆಸ್ಸಿನವರು ಬಿರಿಯಾನಿಯ ದೊಡ್ಡ ಪಾತ್ರೆಯನ್ನೇ ಎತ್ತಿ ತಂದರು. ಸದಾನಂದ ತನ್ನ ಪಿಕಪ್ಪಿನಿಂದ ತಗಡು ಇಳಿಸಿ, ಅದಕ್ಕೆ ಹಗ್ಗ ಕಟ್ಟಿ, ತಾನೇ ಎಳೆಯುತ್ತ ಮಣ್ಣು ಸಮ ಮಾಡಿದ. ಇಬ್ಬರು ಬೇಕಾದ ಕಡೆ ಒಬ್ಬನೇ ಎಳೆಯುತ್ತಿದ್ದ, ಯಾರನ್ನೂ ಹತ್ತಿರ ಬಿಡಲಿಲ್ಲ. ಡೆರಿಕ್ ರೇಸಿನ ಅಂಗಿಯಲ್ಲೇ ಮರಳು ಹೊತ್ತ. ನಾನೂ ಹೊತ್ತೆ. (ಅಂಗಿ ಹೇಗೂ ಹೋಗಿತ್ತು.)

ಯೋಚಿಸಿ ನೋಡಿ. ಇವರೆಲ್ಲ ಆರು ದಿನ ಮೈಮುರಿದು ದುಡಿಯುವವರು. ಓವರ್‌ಟೈಮ್ ಕಾರ್ಡಿನಲ್ಲಿ ಹತ್ತು ನಿಮಿಷ ಕಡಿಮೆ ಬಿದ್ದರೆ ನನ್ನ ಕಿಟಕಿಯ ಮುಂದೆ ಬಂದು ಜಗಳಕ್ಕೆ ನಿಲ್ಲುವವರು. ಅಂಥವರು ಸಿಕ್ಕಿದ ಒಂದು ರಜೆಯ ದಿನ, ಮತ್ತೊಬ್ಬನ ದೇಶದ ಆಟಕ್ಕಾಗಿ, ಬಿಟ್ಟಿ ಮಣ್ಣು ಹೊತ್ತರು. ಹೊರುತ್ತ ನಗುತ್ತಿದ್ದರು ಬೇರೆ! ನನಗೆ ಆ ಜನರ ಮೇಲೆ ಉಕ್ಕಿ ಬಂದ ಅಭಿಮಾನವನ್ನು ಹೇಗೆ ಬರೆಯಲಿ?

ಮ್ಯಾನೇಜರ್ ಯಾವಾಗ ಕಾರಿನಿಂದ ಇಳಿದನೋ ನಾನು ನೋಡಲಿಲ್ಲ. ನನ್ನ ಪಕ್ಕ ನಿಂತು ಕೇಳಿದ:

"ಇವರಿಗೆ ಕೂಲಿ ಕೊಡುವವರು ಯಾರು?"

"ಯಾರೂ ಇಲ್ಲ ಸರ್."

"ಹಾಗಾದರೆ ಯಾಕೆ ಮಾಡುತ್ತಿದ್ದಾರೆ?"

"ರೇಸ್ ನೋಡಬೇಕಂತೆ ಸರ್."

ಅವನು ಪಾಲಿಶ್ ಬೂಟಿನಲ್ಲೇ ಟ್ರ್ಯಾಕಿನ ಅಂಚಿನವರೆಗೆ ನಡೆದು ಹೋಗಿ ನಿಂತ.

ಸೂರ್ಯ ಮುಳುಗುವ ಮೊದಲು ನಾಲ್ಕು ಬೈಕುಗಳು ಸಾಲಾಗಿ ನಿಂತವು. ಅದು ರೇಸ್ ಹೌದೋ ಅಲ್ಲವೋ ಎಂದು ಸ್ಪೀಡ್‌ವೇ ಬಲ್ಲವರು ತೀರ್ಮಾನಿಸಲಿ. ಅರ್ಧ ಕೆಸರು, ಅರ್ಧ ಮರಳು, ಬೈಕುಗಳು ಕುಡಿದವರಂತೆ ಓಲಾಡುತ್ತಿದ್ದವು. ಆದರೆ ನಾಲ್ಕೂ ಬೈಕು ನಾಲ್ಕೂ ಸುತ್ತು ಮುಗಿಸಿದವು. ದಿಬ್ಬದಿಂದ ಕಂಬಳದ "ಹೋ..." ಎಂಬ ಕೂಗು ಎದ್ದಿತು. ಎಂಥ ಕೂಗು! ಡೆರಿಕ್ ಮೂರನೆಯವನಾಗಿ ಬಂದ. ಅವನು ಯಾವತ್ತೂ ಗೆದ್ದವನಲ್ಲ, ಮೂರನೆಯದೇ ಅವನ ಖಾಯಂ ಜಾಗ. ಸದಾನಂದ ಮಾತ್ರ ಅವನನ್ನು ಗೆದ್ದ ಕೋಣದಂತೆ ಬೆನ್ನು ತಟ್ಟಿ, ಅಲ್ಲೇ ಅತ್ತುಬಿಟ್ಟ.

ಮ್ಯಾನೇಜರ್ ಮಾತಿಗೆ ತಪ್ಪಲಿಲ್ಲ. "ಮುಂದಿನ ಸೀಸನ್‌ವರೆಗೆ ಪೈಪು ಬರುವುದಿಲ್ಲ. ಆದರೆ ಸೀಸನ್ನಿನ ಮೊದಲ ಶುಕ್ರವಾರ ಇದೇ ರೀತಿ ನಾಲ್ಕು ಬೈಕು ನಿಲ್ಲಬೇಕು. ನಾಲ್ಕು," ಎಂದು ಬೆರಳು ತೋರಿಸಿ ಹೋದ.

ಮಂಗಳವಾರ ಡೆರಿಕ್ ಹೊರಟ. ಬೈಕನ್ನು ಸದಾನಂದನ ವರ್ಕ್‌ಶಾಪಿನಲ್ಲೇ ಬಿಟ್ಟ. "ಇಲ್ಲಿ ಇದನ್ನು ನೋಡುವವರಿದ್ದಾರೆ. ನಮ್ಮೂರಿನಲ್ಲಿ ಟ್ರ್ಯಾಕ್ ಮುಚ್ಚಿ ಎಷ್ಟೋ ಕಾಲವಾಯಿತು," ಎಂದನಂತೆ. ಅವನ ಊರಿನಲ್ಲೇ ಸತ್ತ ಆಟ ಇಲ್ಲಿ ನಮ್ಮ ವೆಲ್ಡರು, ಡ್ರೈವರುಗಳ ಕೂಗಿನಿಂದ ಇಷ್ಟು ದಿನ ಬದುಕಿತ್ತು!

ಇವತ್ತು ಮತ್ತೆ ಶುಕ್ರವಾರ. ಸೀಸನ್ ಮುಗಿದಿದೆ, ರೇಸ್ ಇಲ್ಲ ಎಂದು ಎಲ್ಲರಿಗೂ ಗೊತ್ತು. ಬಿರಿಯಾನಿ ಮುಗಿಸಿ ನಾನು ಸುಮ್ಮನೆ ಆ ಕಡೆ ಹೋದರೆ, ದಿಬ್ಬದ ಮೇಲೆ ಎಲ್ಲರೂ ಹಾಜರು! ಫ್ಲಾಸ್ಕಿನಲ್ಲಿ ಚಹಾ ಬೇರೆ. ಚರ್ಚೆ ಗಂಭೀರವಾಗಿ ನಡೆದಿತ್ತು. ಟ್ರ್ಯಾಕ್ ಇದೆ, ಬೈಕು ಇದೆ, ಸವಾರರು ಮೂವರೇ. ನಾಲ್ಕನೆಯವನು ಎಲ್ಲಿಂದ ಬರಬೇಕು? ಮೋನುಚ್ಚನಿಗೆ ಸೊಂಟ ನೋವು. ಸದಾನಂದನ ತೂಕಕ್ಕೆ ಬೈಕೇ ಕೂತುಬಿಡುತ್ತದೆ. ಭಟ್ಕಳದವರಿಗೆ ನೈಟ್ ಶಿಫ್ಟು. ಕೋಣ ಓಡಿಸುವವನು ತೆಳ್ಳಗಿರಬೇಕು, ಮೈಯಲ್ಲಿ ಮಾಂಸ ಇರಬಾರದು ಎಂದು ಸದಾನಂದ ವಿವರಿಸುತ್ತಿದ್ದ.

ನಾನು ಬಂದು ಕೂತದ್ದೇ ಮಾತು ನಿಂತಿತು. ಮೋನುಚ್ಚ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಸದಾನಂದನೂ ನೋಡಿದ. ಆಮೇಲೆ ಇಡೀ ದಿಬ್ಬವೇ ನನ್ನ ಕಡೆ ತಿರುಗಿತು. ಮೋನುಚ್ಚ ನನಗೊಂದು ಲೋಟ ಚಹಾ ಬಗ್ಗಿಸಿ ಕೊಟ್ಟು, ಬಹಳ ಮೃದುವಾಗಿ ಕೇಳಿದರು:

"ಪೈಗಳೇ, ನಿಮ್ಗೆ ಸೈಕಲ್ ಬರ್ತದಲ್ಲಾ?"