ಗಂಡನ ಮೀಸೆಯೂ ತುಳಸಿ ಚಟ್ಟಿಯ ಕಲ್ಲೂ

ಇಸವಿ ಎರಡು ಸಾವಿರ ದಾಟಿದ ಹೊಸತು. ದೋಹಾದಲ್ಲಿ ಎಲ್ಲಿ ನೋಡಿದರೂ ಕ್ರೇನು. ಶುಕ್ರವಾರ ಬಂತೆಂದರೆ ನನ್ನ ಗಂಡನಿಗೆ ಮರುಭೂಮಿಯ ಹುಚ್ಚು. ಬೇರೆಯವರು ಉಂಡು ಮಲಗುವ ಹೊತ್ತಿಗೆ ನಾವು ಅಲ್ ಸದ್ದ್‌ನ ಫ್ಲ್ಯಾಟಿನಿಂದ ಹೊರಟು, ಉಮ್ಮ್ ಸಲಾಲ್ ದಾಟಿ, ಬೋಳು ಬಯಲಲ್ಲಿ ತಲೆ ತಗ್ಗಿಸಿ ನಡೆಯುತ್ತಿದ್ದೆವು. ಹುಡುಕುತ್ತಿದ್ದದ್ದು ಕಲ್ಲಿನ ಬಾಣದ ಮೊನೆ, ಸಾವಿರಾರು ವರ್ಷದ ಹಿಂದಿನ ಬೇಟೆಗಾರರು ಬಿಟ್ಟುಹೋದದ್ದು. ಅಂಥದ್ದೊಂದು ಸಿಗಬೇಕು, ಶುಕ್ರವಾರ ನಮ್ಮ ಜೊತೆ ಕಲ್ಲು ಹುಡುಕಲು ಬರುತ್ತಿದ್ದ ಗುಂಪಿನ ಬಿಳಿಯ ಮುದುಕರೊಬ್ಬರು ಅದನ್ನು ನೋಡಿ ಹೌದು ಅನ್ನಬೇಕು, ಇವರಿಗೆ ಅಷ್ಟೇ ಆಸೆ. ಆ ಮುದುಕರು ಇಂಥ ಕಲ್ಲುಗಳನ್ನು ನೋಡಿ ನೋಡಿಯೇ ತಲೆ ನರೆಸಿಕೊಂಡವರು.

ಒಂದು ಸಲ ನನಗೇ ಒಂದು ಸಿಕ್ಕಿತು. ಹೆಬ್ಬೆರಳುದ್ದದ ಕಂದು ಚೂರು, ಬುಡದಲ್ಲಿ ಸಣ್ಣ ಬಾಲ. ಇವರು ಕೈಯಲ್ಲೂ ಹಿಡಿಯದೆ, "ಟಯರಿನಡಿ ಸಿಕ್ಕಿ ಒಡೆದದ್ದು, ಬಿಸಾಡು ಮಾರಾಯ್ತಿ" ಅಂದರು. ನನಗೆ ಮೈಯೆಲ್ಲ ಉರಿಯಿತು. ಮನೆಗೆ ತಂದು ಬಾಲ್ಕನಿಯ ತುಳಸಿ ಚಟ್ಟಿಯಲ್ಲಿ ಊರಿದೆ. ಅದೇ ದಿನ ಇವರಿಗೂ ಒಂದು ಸಿಕ್ಕಿತ್ತು, ಕರಿ ಬಣ್ಣದ್ದು, ತ್ರಿಕೋನ, ನೋಡಲು ಚಂದ. ಅದಕ್ಕೆ ಬಿಸ್ಕತ್ತಿನ ಡಬ್ಬಿಯೇನು, ಹತ್ತಿಯ ಹಾಸಿಗೆಯೇನು!

"ಇದು ಬಾಣ ಅಲ್ಲದಿದ್ದರೆ ಅರ್ಧ ಮೀಸೆ ಬೋಳಿಸುತ್ತೇನೆ" ಅಂದರು.

"ನನ್ನದು ಬಾಣವಾಗಿದ್ದರೆ ಇನ್ನರ್ಧವೂ" ಅಂದೆ. ಜಂಬದಲ್ಲಿ ಅದಕ್ಕೂ ಹೂಂ ಅಂದರು.

ಆಮೇಲೆ ಊರಿಂದ ಅತ್ತೆ ವಿಸಿಟ್ ವೀಸಾದಲ್ಲಿ ಬಂದರು. ತುಳಸಿಗೆ ನೀರೆರೆಯುವಾಗ ನನ್ನ ಕಲ್ಲು ಅವರ ಕಣ್ಣಿಗೆ ಬಿತ್ತು. ನಮ್ಮ ಕಡೆಯವರು ನಾಗನ ಹೆಡೆಯ ಹಾಗೆ ಕಂಡದ್ದನ್ನು ಬರೇ ಕಲ್ಲೆಂದು ಬಿಡುವುದುಂಟೇ? ಹಾಲಲ್ಲಿ ತೊಳೆದು, ಅರಶಿನ ಹಚ್ಚಿ, ದೇವರ ಗೂಡಿನಲ್ಲಿ ಕೂರಿಸಿಬಿಟ್ಟರು. ದಿನಾ ಅರಶಿನ, ದಿನಾ ದೀಪ. ಇವರು ಬಿಸಾಡು ಎಂದ ಕಲ್ಲಿಗೆ ಇವರೇ ಬೆಳಿಗ್ಗೆ ಕೈಮುಗಿದು ಆಫೀಸಿಗೆ ಹೋಗುತ್ತಿದ್ದರು. ನನಗೆ ಅಷ್ಟೇ ಸಾಕಿತ್ತು, ಆದರೆ ಇನ್ನೂ ಉಂಟು.

ಗುಂಪಿನ ಆ ಮುದುಕರು ಒಂದು ದಿನ ನೀರ್‌ದೋಸೆಯ ಆಸೆಗೆ ಮನೆಗೆ ಬಂದರು. ಇವರು ಡಬ್ಬಿ ಬಿಚ್ಚಿದರು. ಮುದುಕರು ಭೂತಗನ್ನಡಿ ಹಿಡಿದು ತಿರುಗಿಸಿ ನೋಡಿ, ಇದಕ್ಕೆ ಮನುಷ್ಯರು ಕೈ ಹಾಕಿಲ್ಲ, ಬಿಸಿಲಿಗೆ ತಾನಾಗಿ ಸೀಳಿದ್ದು ಎಂದರು. ಇವರ ಮುಖ ಬಾಡಿತು. ಪಾಪ ಅನಿಸಿತು, ಸುಳ್ಳು ಯಾಕೆ, ಆದರೆ ಸ್ವಲ್ಪವೇ.

ಕೈ ತೊಳೆಯಲು ಎದ್ದ ಮುದುಕರು ದೇವರ ಗೂಡಿನ ಎದುರು ನಿಂತವರು ಕದಲಲೇ ಇಲ್ಲ. ಮುಟ್ಟಬಹುದೇ ಎಂದು ಕೇಳಿದರು. ಅತ್ತೆ ಅವರ ಕೈ ತೊಳೆಸಿ, ವೀಳ್ಯದೆಲೆಯ ಮೇಲಿಟ್ಟು ಕೊಟ್ಟರು. ಎರಡೂ ಮೈಯಿಂದ ಒಂದೇ ಸಮ ಚಕ್ಕೆ ಎಬ್ಬಿಸಿದ ಗುಳಿಗಳಲ್ಲಿ ಅರಶಿನ ಕೂತು, ಪ್ರತಿ ಏಟೂ ಎದ್ದು ಕಾಣುತ್ತಿತ್ತು. ಅಂಚಿಗೆ ಸಣ್ಣ ಹಲ್ಲುಗಳು. ಬುಡದ ಬಾಲ ಕೋಲಿಗೆ ಕಟ್ಟಲಿಕ್ಕೆ. ಅಪ್ಪಟ ಬಾಣ ಎಂದರು ಮುದುಕರು. ಆದರೆ ಇಂಥದ್ದನ್ನು ಮನೆಯಲ್ಲಿಟ್ಟುಕೊಳ್ಳುವ ಹಾಗಿಲ್ಲ, ಮ್ಯೂಸಿಯಮ್ಮಿಗೆ ಕೊಡಬೇಕು ಎಂದೂ ಹೇಳಿದರು.

ಇವರ ಕೈ ಮೆಲ್ಲನೆ ಮೀಸೆಯ ಮೇಲೆ ಹೋಯಿತು. ನಾನು ಅತ್ತೆಗೆ ಪಂದ್ಯದ ಕತೆ ಒಪ್ಪಿಸಿದೆ.

"ಹೆತ್ತವರು ತೀರಿದಾಗ ತೆಗೆಯುವ ಮೀಸೆ ಅದು" ಎಂದು ಅತ್ತೆ ಮಗನ ಮೇಲೆ ರೇಗಿದರು. "ನಾನು ಗಟ್ಟಿಮುಟ್ಟಾಗಿ ಎದುರು ನಿಂತಿದ್ದೇನೆ, ಬೋಳಿಸ್ತಾನಂತೆ!"

ಇವರು ಉಸಿರು ಬಿಟ್ಟು, "ಹಾಗಾದರೆ ಖಲಾಸ್" ಅಂದರು. ಅತ್ತೆ ಬಿಡಬೇಕಲ್ಲ. ಮೀಸೆಯ ಬದಲಿಗೆ, ಕಲ್ಲು ಯಾರಿಗೆ ಸಿಕ್ಕಿದ್ದು, ಬಿಸಾಡು ಅಂದದ್ದು ಯಾರು, ಎರಡನ್ನೂ ಮ್ಯೂಸಿಯಮ್ಮಿನವರ ಎದುರು ಬಾಯಿಬಿಟ್ಟು ಹೇಳಬೇಕು ಎಂದು ತೀರ್ಪು ಕೊಟ್ಟರು. ಮಾರನೆಯ ಬೆಳಿಗ್ಗೆ ನಾಗನಿಗೆ ಹಾಲೆರೆದು, ತಪ್ಪಾಯಿತೆಂದು ಬೇಡಿ, ಕಲ್ಲನ್ನು ಎಲೆಯಲ್ಲಿ ಸುತ್ತಿ ತಾವೇ ಹಿಡಿದುಕೊಂಡು ಕಾರು ಹತ್ತಿದರು.

ಅಲ್ಲಿನ ಅಧಿಕಾರಿಯ ಎದುರು ಇವರು ಇಂಗ್ಲಿಷಿನಲ್ಲಿ ಎಲ್ಲ ಹೇಳಿದರು: ಹೆಂಡತಿಗೆ ಸಿಕ್ಕಿದ್ದು, ಬಿಸಾಡು ಅಂದವನು ನಾನು. ಚೆನ್ನಾಗಿಯೇ ಹೇಳಿದರು. ಕಿವಿ ಕೆಂಪಾಗಿತ್ತು. ನನಗೆ ಎಷ್ಟು ಖುಷಿಯಾಯಿತೆಂದರೆ ಅದು ಅಷ್ಟು ಬೇಗ ಮುಗಿಯಬಾರದು ಅನಿಸಿತು.

ಇಂಗ್ಲಿಷ್ ಬಾರದ ಅತ್ತೆ ನನ್ನ ಕಡೆ ತಿರುಗಿ, "ಹೇಳಿದನಾ?" ಎಂದು ಕೇಳಿದರು.

"ಎಲ್ಲಿ ಅತ್ತೆ, ನನಗೆ ಸರಿಯಾಗಿ ಕೇಳಿಸಲೇ ಇಲ್ಲ" ಅಂದೆ.

ಅತ್ತೆ ಮಗನ ಪಕ್ಕೆಗೆ ತಿವಿದರು. ಇವರು ನನ್ನನ್ನೇ ದುರುಗುಟ್ಟಿ ನೋಡುತ್ತಾ, ಮೊದಲಿಂದ ಇನ್ನೊಮ್ಮೆ ಹೇಳಿದರು.