ಹಲ್ಲಿನ ಡಾಕ್ಟರ ಫೋನಿನಲ್ಲಿ ನಾನು ಹೇಳದ ಮಾತು

ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಗೋಡೆಯ ಗಡಿಯಾರವನ್ನು ಅಷ್ಟು ಸರಿಯಾಗಿ ನೋಡಿದ್ದಕ್ಕೆ ಕಾರಣವಿತ್ತು. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹನ್ನೆರಡಕ್ಕೊಂದು ಬಸ್ಸು. ಅಷ್ಟರಲ್ಲಿ ಅಣ್ಣನ ದವಡೆ ಹಲ್ಲು ಕಿತ್ತು ಮುಗಿದರೆ ಊಟದ ಹೊತ್ತಿಗೆ ಮನೆ ಸೇರಬಹುದು ಎಂದುಕೊಳ್ಳುತ್ತಿದ್ದೆ. ಆಗ ಪರದೆಯಾಚೆಯಿಂದ ಡಾಕ್ಟರ ದನಿ ಕೇಳಿತು.

“ಯಜಮಾನ್ರೇ, ಬಾಯಿ ತೆಗೀರಿ. ಯಜಮಾನ್ರೇ! ಕೇಳಿಸ್ತಾ ಇದೆಯಾ?”

ಓಡಿ ಹೋಗಿ ನೋಡಿದರೆ ಅಣ್ಣನ ಅಂಗಿ ಬೆವರಿಗೆ ತೊಯ್ದು ಮೈಗೆ ಅಂಟಿತ್ತು. ಕೈ ನಡುಗುತ್ತಿತ್ತು, ಕಣ್ಣು ತೆರೆದಿದ್ದರೂ ನೋಟ ಯಾರ ಮೇಲೂ ಇರಲಿಲ್ಲ. ಮರಗಟ್ಟಿಸುವ ಸೂಜಿಯನ್ನು ಡಾಕ್ಟರು ಇನ್ನೂ ಚುಚ್ಚಿಯೇ ಇರಲಿಲ್ಲ. ನೋಡನೋಡುತ್ತ ತಲೆ ಒಂದು ಕಡೆಗೆ ವಾಲಿತು.

ಡಾಕ್ಟರು ಕುರ್ಚಿಯನ್ನು ಹಿಂದಕ್ಕೆ ಬಗ್ಗಿಸಿ ಅಣ್ಣನನ್ನು ಪಕ್ಕಕ್ಕೆ ಹೊರಳಿಸಿದರು. “ನಾನು ಇವರನ್ನ ಬಿಟ್ಟು ಬರೋಕಾಗಲ್ಲ. ನೀವು ಓದಿದವರು, ಆಸ್ಪತ್ರೆಗೆ ಫೋನ್ ಮಾಡಿ. ನಂಬರು ಮೇಜಿನ ಮೇಲೆ ಬರೆದಿದೆ. ಪ್ರಜ್ಞೆ ತಪ್ಪಿದೆ ಅನ್ನಿ, ನಮ್ಮ ಕ್ಲಿನಿಕ್ಕಿನ ಜಾಗ ಹೇಳಿ, ಅವರು ಕೇಳಿದ್ದಕ್ಕೆ ಉತ್ತರ ಕೊಡಿ. ಅಷ್ಟೇ.”

ಅಷ್ಟೇ ಆಗಿದ್ದರೆ ನಾನು ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ನಾನು ಬಿ.ಎ. ಪದವೀಧರ. ಒಂದು ಕಚೇರಿಯಲ್ಲಿ ಪತ್ರ ಬರೆಯುವ ಗುಮಾಸ್ತ. ವಿಷಯ, ಉಲ್ಲೇಖ, ಮಾನ್ಯರೇ ಎಂದು ಶುರುಮಾಡಿ, ಏನನ್ನೂ ಒಪ್ಪಿಕೊಳ್ಳದೆ ಎರಡು ಪುಟ ತುಂಬಿಸುವ ನನ್ನ ಕಲೆಗೆ ಮೇಲಧಿಕಾರಿಗಳೇ ತಲೆದೂಗುತ್ತಿದ್ದರು. ಮೊಬೈಲು ನಮ್ಮ ಕಡೆ ಇನ್ನೂ ಕಾಲಿಟ್ಟಿರದ ಕಾಲ. ಕಸೂತಿ ಬಟ್ಟೆ ಹೊದಿಸಿದ್ದ ಆ ಫೋನನ್ನು ಎತ್ತುವ ಮೊದಲು ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿಟ್ಟೆ. ಅಣ್ಣ ಪ್ರಜ್ಞೆ ತಪ್ಪಿ ಬಿದ್ದಿದ್ದಾಗ ನಾನು ಬಟ್ಟೆ ಮಡಚುತ್ತಿದ್ದೆ!

ಆ ಕಡೆ ಡ್ಯೂಟಿ ಡಾಕ್ಟರು, ಹೆಂಗಸಿನ ದನಿ. “ಹಲೋ, ಹೇಳಿ.”

“ನಮಸ್ಕಾರ ಮೇಡಂ. ತಮ್ಮಲ್ಲಿ ಒಂದು ವಿನಂತಿ. ನಮ್ಮಣ್ಣನವರು ರೇಷ್ಮೆ ನೇಕಾರರು. ಈ ದಿನ ಬೆಳಿಗ್ಗೆ ಏಳು ಗಂಟೆ ಬಸ್ಸಿಗೆ ಹೊರಟು…”

“ಈಗ ಏನಾಗಿದೆ ಹೇಳಿ.”

“ಈಗ ಅವರ ಆರೋಗ್ಯದಲ್ಲಿ ಸ್ವಲ್ಪ ಏರುಪೇರಾಗಿದೆ.”

“ಪ್ರಜ್ಞೆ ಇದೆಯಾ?”

“ಆ ಬಗ್ಗೆ ಡಾಕ್ಟರು ಪರಿಶೀಲಿಸ್ತಾ ಇದ್ದಾರೆ.”

“ಎಲ್ಲಿಯವರು ನೀವು?”

“ಮೊಳಕಾಲ್ಮೂರು ಮೇಡಂ.”

“ಅಲ್ಲಿಗೆ ವ್ಯಾನ್ ಬರೋಕೆ ಒಂದು ಗಂಟೆ ಮೇಲಾಗುತ್ತಲ್ರೀ.”

“ಪರವಾಗಿಲ್ಲ ಮೇಡಂ, ತಮ್ಮ ಅನುಕೂಲ ನೋಡ್ಕೊಂಡು.”

ಹೀಗಂದವನು ನಾನೇ. ಆಸ್ಪತ್ರೆ ನಾವು ಕೂತಿದ್ದ ಬೀದಿಯಿಂದ ಐದು ನಿಮಿಷದ ದಾರಿ. ಆದರೆ ನಮ್ಮಲ್ಲಿ ಯಾರಾದರೂ ಎಲ್ಲಿಯವರು ಎಂದು ಕೇಳಿದರೆ ಹುಟ್ಟಿದ ಊರು ಹೇಳುವುದು ವಾಡಿಕೆ. ನಿಂತಿರುವ ಜಾಗವನ್ನು ಕೇಳುತ್ತಾರೆಂದು ನಾವು ಎಣಿಸಿರುವುದಿಲ್ಲ.

ಆಮೇಲೆ ಆಕೆ ಕೇಳಿದ ಪ್ರಶ್ನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

“ಮೊದಲೇ ಏನಾದ್ರೂ ಕಾಯಿಲೆ ಇತ್ತಾ?”

“ಇಲ್ಲ ಮೇಡಂ. ಒಳ್ಳೆ ಮನೆತನ.”

ಇತ್ತು. ಅಣ್ಣನಿಗೆ ಎರಡು ವರ್ಷದಿಂದ ಸಕ್ಕರೆ ಕಾಯಿಲೆ. ಅದು ಗೊತ್ತಿದ್ದವರು ನಾಲ್ಕೇ ಜನ: ಅಣ್ಣ, ಅತ್ತಿಗೆ, ನಾನು ಮತ್ತು ಮಾತ್ರೆ ಕೊಡುತ್ತಿದ್ದ ದೂರದ ಊರಿನ ಡಾಕ್ಟರು. ಅಣ್ಣನ ಮಗಳಿಗೆ ತಳಕು ಊರಿನ ಕಡೆಯ ಸಂಬಂಧ ನಿಶ್ಚಯವಾಗಿತ್ತು. ಅಪ್ಪನಿಗಿದ್ದದ್ದು ಮಗಳಿಗೂ ಬರುತ್ತೆ ಅಂದುಕೊಂಡಾರು, ಮದುವೆ ಮುಗಿಯುವವರೆಗೆ ಉಸಿರೆತ್ತಬಾರದು ಎಂದು ಅತ್ತಿಗೆ ಆಣೆ ಮಾಡಿಸಿಕೊಂಡಿದ್ದರು. ಹಲ್ಲಿನ ಡಾಕ್ಟರು ಬಿ.ಪಿ., ಶುಗರ್ ಏನಾದರೂ ಇದೆಯಾ ಎಂದು ಕೇಳಿದಾಗ ಅಣ್ಣ ಇಲ್ಲ ಅಂದಿದ್ದ. ಪಕ್ಕದಲ್ಲಿ ನಿಂತ ನಾನು ಸಾಕ್ಷಿಯ ಹಾಗೆ ತಲೆ ಆಡಿಸಿದ್ದೆ.

ಅಷ್ಟರಲ್ಲಿ ಕಾಯುತ್ತಿದ್ದ ರೋಗಿಗಳೆಲ್ಲ ಪರದೆಯ ಸುತ್ತ ನೆರೆದು ಒಬ್ಬೊಬ್ಬರೂ ಡಾಕ್ಟರಾಗಿದ್ದರು.

“ಕೈಗೆ ಕಬ್ಬಿಣ ಕೊಡ್ರಿ! ಯಾರತ್ರ ಬೀಗದ ಕೈ ಐತೆ?”

“ಈರುಳ್ಳಿ ಮೂಸಿಸ್ರಪ್ಪಾ.”

ನಮ್ಮ ಬಸ್ಸಿನಲ್ಲೇ ಬಂದಿದ್ದ ಮೊಳಕಾಲ್ಮೂರಿನ ಅಂಗಡಿಯವನೊಬ್ಬ “ಏಮೈಂದಯ್ಯಾ, ಏನಾಯ್ತು?” ಎಂದು ತೆಲುಗಿನಲ್ಲೂ ಕನ್ನಡದಲ್ಲೂ ಎಲ್ಲರನ್ನೂ ಕೇಳುತ್ತ, ಉತ್ತರಕ್ಕೆ ಕಾಯದೆ ಒಂದು ಲೋಟ ನೀರು ಹಿಡಿದು ನುಗ್ಗಿದ.

“ಬಾಯಿಗೆ ಒಂದು ಹನಿಯೂ ಹಾಕಬೇಡಿ! ಉಸಿರಿನ ದಾರಿಗೆ ಹೋಗುತ್ತೆ!” ಡಾಕ್ಟರು ಕಿರುಚಿದರು. “ಫೋನಿನವರು ಏನಂದ್ರು?”

“ಮಾತುಕತೆ ನಡೀತಾ ಇದೆ ಸರ್,” ಎಂದೆ.

ಆಗ ನನ್ನ ಹಿಂದಿನ ಬೆಂಚಿನಿಂದ ಒಬ್ಬ ಹೆಂಗಸು ಎದ್ದಳು. ಊರಾಚೆಯ ಹುಲ್ಲುಗಾವಲಿನಲ್ಲಿ, ನಮ್ಮ ಮಾತಿನಲ್ಲಿ ಕಾವಲಿನಲ್ಲಿ, ಕುರಿ ಮೇಯಿಸುವ ಹಟ್ಟಿಯವಳು. ವಯಸ್ಸು ಐವತ್ತರ ಮೇಲೆ, ಊದಿದ ಕೆನ್ನೆಗೆ ಟವೆಲು ಬಿಗಿದಿದ್ದಳು. ಬೆಳಿಗ್ಗೆ ಬೆಂಚಿನ ಮೇಲೆ ಕಾಯುವಾಗ ಅಣ್ಣನಿಗೆ ಒಂದು ಹಿಡಿ ಮಂಡಕ್ಕಿ ಕೊಡಲು ಬಂದಿದ್ದಳು. ಹಲ್ಲು ಕೀಳಿಸುವಾಗ ಹೊಟ್ಟೆ ಖಾಲಿ ಇರಬೇಕು ಎಂದು ಅಣ್ಣ ಬೇಡ ಅಂದಿದ್ದ. ಅವಳು ಟವೆಲು ಸಡಿಲಿಸಿ ನನ್ನ ಕೈಯಿಂದ ಫೋನು ಕಿತ್ತುಕೊಂಡಳು.

“ಕೊಡಿಲ್ಲಿ. ಮದುವೆ ಕರಿಯಾಕೆ ನಿಂತಂಗೆ ನಿಂತೀಯ.”

ಕಾವಲಿನ ಈ ತುದಿಯಿಂದ ಆ ತುದಿಗೆ ಕೂಗುವ ಹಾಗೆ ಕೂಗಿದಳು: “ಚಳ್ಳಕೆರೆ! ಹಿಂಡಿ ಅಂಗಡಿ ಮೇಲೆ, ಹಲ್ಲಿನ ಡಾಕ್ಟ್ರು! ಒಬ್ಬ ಮನುಷ್ಯ ಬಿದ್ದವ್ನೆ, ಮಾತಿಲ್ಲ, ಉಸುರು ಐತೆ, ಮೈಯೆಲ್ಲ ಬೆವರು! ಬೆಳಗಿಂದ ಏನೂ ತಿಂದಿಲ್ಲ! ಬೇಗ ಗಾಡಿ ಕಳಿಸ್ರಿ!”

ಒಂದು ಕ್ಷಣ ಕೇಳಿಸಿಕೊಂಡು ನನ್ನ ಕಡೆ ತಿರುಗಿದಳು. “ಸಕ್ಕರೆ ಕಾಯಿಲೆ ಐತೇನು ಅಂತ ಕೇಳ್ತಾರೆ. ಮಾತ್ರೆ ನುಂಗಿದ್ನಾ?”

ಕೋಣೆ ಪೂರ್ತಿ ನನ್ನ ಬಾಯಿ ನೋಡುತ್ತಿತ್ತು. ಮೊಳಕಾಲ್ಮೂರಿನವನು ಲೋಟ ಹಿಡಿದುಕೊಂಡೇ ಕಿವಿ ನಿಮಿರಿಸಿದ್ದ. ತಳಕಿನ ಬೀಗರು, ಲಗ್ನಪತ್ರಿಕೆ, ಅತ್ತಿಗೆಯ ಮುಖ ಎಲ್ಲ ಕಣ್ಣ ಮುಂದೆ ಹಾದವು. ನಾಲ್ಕೈದು ಉಸಿರಿನಷ್ಟು ಹೊತ್ತು ಹೋಯಿತು. ಒಬ್ಬ ಮನುಷ್ಯನ ಜೀವವನ್ನು ಮರ್ಯಾದೆಯ ಜೊತೆ ತಕ್ಕಡಿಗಿಟ್ಟು ತೂಗಲು ನನಗೆ ಅಷ್ಟು ಹೊತ್ತು ಬೇಕಾಯಿತು.

“ಐತೆ,” ಅಂದೆ. “ಬೆಳಿಗ್ಗೆ ಆರು ಗಂಟೆಗೆ ಮಾತ್ರೆ ನುಂಗವ್ನೆ.” ನನ್ನ ಕಚೇರಿ ಕನ್ನಡ ಎಲ್ಲಿ ಹೋಯಿತೋ!

“ಐತಂತೆ! ಆರು ಗಂಟೆಗೆ ನುಂಗವ್ನಂತೆ!” ಅವಳು ಕೂಗಿದಳು. ಮತ್ತೆ ಕೇಳಿಸಿಕೊಂಡು, ಆ ಕಡೆಯಿಂದ ಬಂದ ಮಾತನ್ನು ಒಂದಕ್ಷರ ಸೇರಿಸದೆ ಒಳಗೆ ದಾಟಿಸಿದಳು. ಸಕ್ಕರೆ ಇಳಿದುಹೋಗಿದೆ, ಹತ್ತಿರದ ಮೆಡಿಕಲ್ ಶಾಪಿನಿಂದ ಗ್ಲೂಕೋಸ್ ಇಂಜೆಕ್ಷನ್ ತರಿಸಿ ನಿಮ್ಮ ಡಾಕ್ಟರೇ ನರಕ್ಕೆ ಕೊಡಲಿ, ವ್ಯಾನ್ ಹೊರಟಿದೆ. “ನೀವು ಹೇಳಿದ್ದು ಹೇಳೀನಿ, ಸರೀನಾ?” ಎಂದು ಡಾಕ್ಟರಮ್ಮನನ್ನೇ ಕೇಳಿ ಖಾತ್ರಿ ಮಾಡಿಕೊಂಡ ಮೇಲೆಯೂ ಫೋನು ಇಡಲಿಲ್ಲ.

ಮೆಟ್ಟಿಲಿಳಿದು ಗ್ಲೂಕೋಸ್ ತಂದವನು ನಾನು. ಅಷ್ಟಾದರೂ ಮಾಡಿದೆ. ಡಾಕ್ಟರು ನಿಧಾನವಾಗಿ ನರಕ್ಕೆ ಹತ್ತಿಸುತ್ತಿದ್ದಂತೆ ಅಣ್ಣನ ರೆಪ್ಪೆ ಅಲುಗಿತು. ಸ್ವಲ್ಪ ಹೊತ್ತಿಗೆ ಕಣ್ಣುಬಿಟ್ಟು ನಾಲಿಗೆಯಿಂದ ದವಡೆ ತಡವಿಕೊಂಡ.

“ಇನ್ನೂ ಕಿತ್ತಿಲ್ವೇನ್ರಿ?”

ಡಾಕ್ಟರು ನೆಲದ ಮೇಲೆ ಕೂತುಬಿಟ್ಟರು. ಕೆಳಗೆ ವ್ಯಾನಿನ ಸದ್ದು ಕೇಳಿತು.

ಸ್ಟ್ರೆಚರ್ ಇಳಿಸುವಾಗ ಆ ಹೆಂಗಸಿಗೆ ಕೈಮುಗಿದು, ಅಷ್ಟು ಚೆನ್ನಾಗಿ ಮಾತಾಡೋದು ಎಲ್ಲಿ ಕಲಿತಿರಿ ಎಂದು ಕೇಳಿದೆ. ಅವಳು ಟವೆಲು ಬಿಗಿದುಕೊಳ್ಳುತ್ತ ನನ್ನನ್ನು ಒಮ್ಮೆ ಅನುಮಾನದಿಂದ ನೋಡಿದಳು.

“ಕಲಿಯಾದೇನೈತಪ್ಪಾ. ಕಾವಲಾಗೆ ಗಾಳಿ ಮಾತು ತಿಂತೈತೆ. ಮೊದ್ಲು ಜಾಗ ಕೂಗ್ತೀವಿ, ಆಮ್ಯಾಕೆ ಏನಾಗೈತೆ ಅಂತ, ಆಮ್ಯಾಕೆ ಏನು ತರಬೇಕು ಅಂತ. ನಿನ್ನಂಗೆ ಶುರು ಮಾಡಿದ್ರೆ ತೋಳ ಕುರಿ ತಿಂದು ಕೈ ತೊಳ್ಕಂಡಿರ್ತೈತೆ.”

ಅಣ್ಣ ಎರಡು ದಿನ ಆಸ್ಪತ್ರೆಯಲ್ಲಿದ್ದ. ನಾವು ಮನೆ ಸೇರುವ ಮೊದಲೇ ಸುದ್ದಿ ಮೊಳಕಾಲ್ಮೂರು ಸೇರಿ, ಮಗ್ಗದಿಂದ ಮಗ್ಗಕ್ಕೆ ಹಾರಿತ್ತು; ಒಂದು ಬೀದಿಯಲ್ಲಿ ಅಣ್ಣನ ಹಲ್ಲು ಗಂಟಲಿಗೆ ಸಿಕ್ಕಿಕೊಂಡಿತ್ತು, ಇನ್ನೊಂದರಲ್ಲಿ ಅಣ್ಣ ತೀರಿಕೊಂಡಿದ್ದ. ಅತ್ತಿಗೆ ನನ್ನೊಂದಿಗೆ ಮಾತು ಬಿಟ್ಟರು. ಅವರ ಕಣ್ಣಿಗೆ ನಾನು ಗಂಡನನ್ನು ಉಳಿಸಿದವನೂ ಹೌದು, ಮಗಳ ಮದುವೆ ಕೆಡಿಸಿದವನೂ ಹೌದು. ಎರಡನೆಯದೇ ತೂಕವಾಗಿತ್ತು.

ಹಲ್ಲಿನ ಡಾಕ್ಟರು ತಮ್ಮ ಫೋನಿನ ಪಕ್ಕ ಅಂಟಿಸಲು ಒಂದು ಚೀಟಿ ಬರೆದುಕೊಡಿ ಎಂದು ನನ್ನನ್ನೇ ಕೇಳಿದರು. ತಪ್ಪು ಮಾಡಿದವನಿಗೇ ಅದು ಚೆನ್ನಾಗಿ ಗೊತ್ತು ಅಂತಲೋ ಏನೋ. ನಾನು ಒಂದೂವರೆ ಪುಟದ ಕರಡು ಒಪ್ಪಿಸಿದೆ. ಅವರು ಕೆಂಪು ಪೆನ್ನಿನಲ್ಲಿ ಗೀಚುತ್ತ ಹೋಗಿ ಕೊನೆಗೆ ಉಳಿಸಿದ್ದು ಇಷ್ಟು: ಈ ಜಾಗ. ಏನು ಕಾಣುತ್ತಿದೆ. ಯಾವ ಕಾಯಿಲೆ, ಯಾವ ಮಾತ್ರೆ. ಅವರು ಹೇಳುವವರೆಗೆ ಫೋನು ಇಡಬೇಡಿ.

ನನಗೆ ಮಾತ್ರ ಅಂದಿನಿಂದ ರಾತ್ರಿ ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ಫೋನು ಕೈಯಲ್ಲಿರುತ್ತಿತ್ತು. ಮನಸ್ಸಿನಲ್ಲಿ ಪ್ರತಿಸಲವೂ ನಾನು ಜಾಗ ಸರಿಯಾಗಿ ಹೇಳುತ್ತಿದ್ದೆ, ಬೆವರು, ನಡುಕ, ಎಲ್ಲವನ್ನೂ ಹೇಳುತ್ತಿದ್ದೆ. ಕಾಯಿಲೆ ಇತ್ತಾ ಎಂಬಲ್ಲಿಗೆ ಬಂದೊಡನೆ ನಾಲಿಗೆ ಅಂಟಿಕೊಂಡು ಎಚ್ಚರವಾಗುತ್ತಿತ್ತು.

ಮೂರು ವಾರ ಕಳೆದ ಮೇಲೆ ಅಣ್ಣ, “ನಡಿಯಲೇ, ತಳಕಿನವರು ಬಂದು ಕೇಳೋಕೆ ಮುಂಚೆ ನಾವೇ ಹೋಗಿ ಹೇಳಾಣ,” ಎಂದ. ಬೀಗರ ಮನೆಯ ಚಾಪೆಯ ಮೇಲೆ ಕೂತ ಕೂಡಲೇ, ಕಾಫಿ ಬರುವುದಕ್ಕೂ ಬಿಡದೆ, “ನನಗೆ ಸಕ್ಕರೆ ಕಾಯಿಲೆ ಐತೆ. ಮುಚ್ಚಿಟ್ಟಿದ್ವಿ. ತಪ್ಪಾತು,” ಎಂದುಬಿಟ್ಟ.

ಬೀಗರು ಹೆಂಡತಿಯ ಮುಖ ನೋಡಿದರು. ಆಕೆ ಸೆರಗಿನ ತುದಿ ತಿರುವತೊಡಗಿದರು.

“ನಮ್ಮ ಮನೆಯವಳಿಗೂ ಐತೆ ಕಣ್ರೀ, ಆರು ವರ್ಸದಿಂದ. ನೀವು ಬ್ಯಾಡ ಅಂದೀರ ಅಂತ ನಾವೂ ಬಾಯಿ ಬಿಡಲಿಲ್ಲ.”

ನಿಶ್ಚಿತಾರ್ಥದ ದಿನ ಅಣ್ಣ ಮತ್ತು ಬೀಗಿತ್ತಿ ಎದುರುಬದುರು ಕೂತು, ತಮ್ಮ ತಮ್ಮ ಆರೋಗ್ಯ ಸಾಬೀತು ಮಾಡಲು, ಬೇಡ ಅನ್ನದೆ ಮೂರು ಮೂರು ಹೋಳಿಗೆ ತಿಂದಿದ್ದರು. ಅದನ್ನು ನೆನೆದು ಮೊದಲು ನಕ್ಕವರು ಆಕೆಯೇ. ಅಣ್ಣ ನಗುತ್ತ ನಗುತ್ತ ಕಣ್ಣೊರೆಸಿಕೊಂಡ. ಬೀಗರು ಒಳಗೆ ಕೂಗಿ ಎರಡು ಕಾಫಿಗೆ ಸಕ್ಕರೆ ಹಾಕಬೇಡಿ ಅಂದರು. ಲಗ್ನದ ದಿನ ಬದಲಾಗಲಿಲ್ಲ.

ಸಂಜೆ ಮನೆಗೆ ಬಂದಾಗ ಅತ್ತಿಗೆ ನನಗೂ ತಟ್ಟೆ ಹಾಕಿದರು. “ಬಾರಪ್ಪಾ, ಉಣ್ಣು,” ಅಂದರು. ಅದು ಗುರುವಾರ. ಅಂದು ಮಲಗಿದವನಿಗೆ ರಾತ್ರಿ ಒಮ್ಮೆಯೂ ಎಚ್ಚರವಾಗಲಿಲ್ಲ. ಶುಕ್ರವಾರ ಕಣ್ಣು ಬಿಟ್ಟಾಗ ಬೀದಿಯ ಮಗ್ಗಗಳೆಲ್ಲ ಆಗಲೇ ಸದ್ದು ಮಾಡುತ್ತಿದ್ದವು.