ಕಡಲಿಗೆ ಕಂಬಳಿ ಒಯ್ಯುವ ಹುಲ್ಲಪ್ಪ

ಅಂಕೋಲೆಯ ಆಚೆ ಬೆಳಕು ಹರಿಯುತ್ತಿದೆ. ಇಳಿತದ ಹೊತ್ತು. ಕಡಲು ಹಿಂದೆ ಸರಿದು, ಹಸಿ ಉಸುಕಿನ ದಂಡೆ ಕಣ್ಣು ಹಾಯಿಸಿದಷ್ಟು ದೂರ ಹೊಳೆಯುತ್ತಿದೆ. ಎಡಕ್ಕೆ ಹಸಿರು ಗುಡ್ಡ, ಬಲಕ್ಕೆ ನೀರು. ನೋಡುವವರಿಗೆ ಹಬ್ಬವೇ ಸರಿ. ಬೇವೂರಿನ ಹುಲ್ಲಪ್ಪನಿಗೆ ಮಾತ್ರ ಪುರುಸೊತ್ತಿಲ್ಲ. ಮೋಟರ್ ಸೈಕಲ್ ಗಾಡಿಯನ್ನು ಎತ್ತರದ ತೆಂಗಿನ ಬುಡದಲ್ಲಿ ನಿಲ್ಲಿಸಿ, ಕೆಳಗಿಳಿದು ನೀರಿನಂಚಿಗೆ ಒಂದು ಕಡ್ಡಿ ನೆಡುತ್ತಾನೆ. ನೀರು ದೂರ ಹೋಗುತ್ತಿದೆಯೋ ಹತ್ತಿರ ಬರುತ್ತಿದೆಯೋ ಎಂದು ಬೀಡಿ ಮುಗಿಯುವವರೆಗೆ ನೋಡುತ್ತಾನೆ. ಖಾತ್ರಿಯಾದ ಮೇಲೆಯೇ ಕಿಕ್ ಹೊಡೆದು ದಂಡೆಗೆ ಇಳಿಯುತ್ತಾನೆ. ಬೆನ್ನ ಹಿಂದಿನ ಕಂಬಳಿ ಹೊರೆ ಅವನಿಗಿಂತ ಎತ್ತರ.

ಇದು ೧೯೮೪ರ ಬೇಸಿಗೆ. ಪ್ರತಿ ವರ್ಷ ಮಳೆ ಹಿಡಿಯುವ ಮುನ್ನ ಹುಲ್ಲಪ್ಪ ಹೀಗೆ ಒಬ್ಬನೇ ಬಾಗಲಕೋಟೆ, ಕುಳಗೇರಿ ಕ್ರಾಸ್, ಹುಬ್ಬಳ್ಳಿ ದಾಟಿ, ಘಟ್ಟ ಇಳಿದು ಬರುತ್ತಾನೆ. ಕುಮಟಾದ ಕಡೆಗೆ ಕೇರಿಯಿಂದ ಕೇರಿಗೆ ಹೋಗುತ್ತಾನೆ. ದಾರಿಯಿದ್ದಲ್ಲಿ ದಾರಿ, ಇಲ್ಲದಲ್ಲಿ ಕಡಲ ದಂಡೆ, ಹೊಳೆ ಅಡ್ಡ ಬಂದರೆ ದೋಣಿ. ಮಳೆಯಲ್ಲಿ ತಲೆಯಿಂದ ಬೆನ್ನು ಮುಚ್ಚುವಂತೆ ಕೊಪ್ಪೆ ಹಾಕಿಕೊಳ್ಳಲು ಇಲ್ಲಿಯ ಗದ್ದೆಯವರಿಗೂ ಮೀನುಗಾರರಿಗೂ ಬಯಲುಸೀಮೆಯ ಕರಿ ಕಂಬಳಿಯೇ ಬೇಕು.

ಕಂಬಳಿ ಅವನವಲ್ಲ. ಬೇವೂರಿನಲ್ಲಿ ಅವನ ಓಣಿಯ ರಂಗವ್ವ, ಸೋಮವ್ವ ಮತ್ತಿತರರು ವರ್ಷವಿಡೀ ನೂಲು ತೆಗೆಯುತ್ತಾರೆ, ಅಮಸಿದ್ದಪ್ಪ ನೇಯುತ್ತಾನೆ. ಅವನ್ನು ಒಯ್ದು ಮಾರುವ ಭಾರ ಹುಲ್ಲಪ್ಪನದು. ಅವನ ಸ್ವಂತದ್ದೆಂದರೆ ಈ ಹಳೆಯ ಫಟಫಟಿ. ಇದ್ದ ಕುರಿಗಳನ್ನೆಲ್ಲ ಮಾರಿ ಕೊಂಡದ್ದು. ಆ ಕುರಿಗಳನ್ನು ಕಾಯ್ದವಳು ಹೆಂಡತಿ ಸಾವಂತ್ರವ್ವ. ಗಾಡಿ ಮನೆಗೆ ಬಂದ ದಿನ ಅವಳು ಅದಕ್ಕೆ ಆರತಿಯನ್ನೂ ಎತ್ತಲಿಲ್ಲ.

ಕಡ್ಡಿ ನೆಡುವ ಬುದ್ಧಿ ಬಂದದ್ದು ಮೊದಲ ವರ್ಷದ ಪೆಟ್ಟಿನಿಂದ. ಬೇಸಿಗೆಯಲ್ಲಿ ಮಲಪ್ರಭೆ ಬತ್ತಿದಾಗ ಇವರ ಮಂದಿ ಉಣ್ಣೆ ತೊಳೆದು ಹೊಳೆಯ ಉಸುಕಿನ ಮೇಲೆಯೇ ಹರವುತ್ತಾರೆ. ಅದೇ ರೂಢಿಯಲ್ಲಿ ಹುಲ್ಲಪ್ಪ ಕಡಲಂಚಿನ ಗಟ್ಟಿ ಉಸುಕಿಗೆ ಗಾಡಿ ನಿಲ್ಲಿಸಿದ. ದಾರಿಯಲ್ಲಿ ತೇವಗೊಂಡಿದ್ದ ಕಂಬಳಿಗಳನ್ನು ಬಿಸಿಲಿಗೆ ಹರವಿದ. ಗಿರಾಕಿಗಳನ್ನು ಕರೆಯಲು ನಿಶ್ಚಿಂತೆಯಿಂದ ಕೇರಿಯೊಳಗೆ ಹೋದ.

“ನಮ್ಮ ಹೊಳಿ ಬ್ಯಾಸಿಗ್ಯಾಗ ಒಮ್ಮೆ ಸರದ್ರ ಮಳಿಗಾಲದ ತನಕಾ ಈ ಕಡೆ ಹಾಯೂದಿಲ್ರಿ. ಇದೂ ಹಂಗ ಅನ್ಕೊಂಡೆ. ದಿನಾ ಹೋಗಿ ದಿನಾ ಬರೂ ನೀರು ನಾ ಎಲ್ಲಿ ಕಂಡಿದ್ದೆ?” ಎನ್ನುತ್ತಾನೆ.

ಮರಳಿ ಬಂದಾಗ ಉಬ್ಬರ ಏರುತ್ತಿತ್ತು. ಗಾಲಿಗಳಿಗೆ ನೀರು ತಾಗಿತ್ತು, ಅಂಚಿನ ಕಂಬಳಿಗಳು ತೇಲಾಡತೊಡಗಿದ್ದವು. ಗಾಡಿಯನ್ನು ಮೊದಲು ತಳ್ಳಿದ್ದರೆ ಗಾಡಿ ಉಳಿಯುತ್ತಿತ್ತು, ಕಂಬಳಿ ಕಡಲ ಪಾಲಾಗುತ್ತಿತ್ತು. ಹುಲ್ಲಪ್ಪ ಗಾಡಿಯ ಕಡೆ ತಿರುಗಿಯೂ ನೋಡದೆ ತೋಳ ತುಂಬ ಕಂಬಳಿ ಹೊತ್ತು ಮೇಲಕ್ಕೂ ಕೆಳಕ್ಕೂ ಓಡಿದ. ಕೊನೆಯ ಕಂಬಳಿ ದಡ ಸೇರುವ ಹೊತ್ತಿಗೆ ಫಟಫಟಿಯ ಹ್ಯಾಂಡಲ್ ಅಷ್ಟೇ ಕಾಣುತ್ತಿತ್ತು. ದಂಡೆಯ ಮೇಲೆ ಕೂತು ಅತ್ತುಬಿಟ್ಟನಂತೆ.

ಮತ್ತೆ ಇಳಿತವಾದಾಗ ಮೀನುಗಾರರು ಹಗ್ಗ ಹಾಕಿ ಗಾಡಿ ಎಳೆದುಕೊಟ್ಟರು. ಲಾರಿಯಲ್ಲಿ ಹೇರಿಕೊಂಡು ಊರಿಗೆ ತಂದ. ಬಾಗಲಕೋಟೆಯ ಮೇಸ್ತ್ರಿ ಅಹ್ಮದಸಾಬ ಇಂಜಿನ್ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಹೇಗೋ ಜೀವ ಬರಿಸಿದ. ಈಗಲೂ ಅದು ನಾಲ್ಕು ಸಲ ಕೆಮ್ಮದೆ ಶುರುವಾಗುವುದಿಲ್ಲ. ಓಣಿಯ ಗಂಡಸರು ಹುಲ್ಲಪ್ಪನನ್ನು ಇಂದಿಗೂ ಕಾಡುತ್ತಾರೆ: ಸಮುದ್ರದಾಗ ಗಾಡಿಗೆ ತೀರ್ಥಸ್ನಾನ ಮಾಡಿಸಿದಿ ಏನಲೇ ಎಂದು. ಅವನೂ ನಗುತ್ತಾನೆ.

ಸಾವಂತ್ರವ್ವ ಮಾತ್ರ ನಗುವುದಿಲ್ಲ. ಗಾಡಿ ಕೆಮ್ಮಿದಾಗಲೆಲ್ಲ ಕುರಿಗಳ ಹೆಸರು ಹಿಡಿದು ಗಂಡನಿಗೆ ಬೈಯುತ್ತಾಳೆ. ಹಾಗಾದರೆ ಅವತ್ತು ಗಾಡಿಯನ್ನೇ ಮೊದಲು ಉಳಿಸಿಕೊಳ್ಳಬೇಕಿತ್ತಲ್ಲವೇ ಎಂದು ಕೇಳಿದರೆ, ಹಿಂಜುತ್ತಿದ್ದ ಉಣ್ಣೆ ಕೆಳಗಿಟ್ಟು ನೆಟ್ಟಗೆ ನೋಡುತ್ತಾಳೆ.

“ಗಾಡಿ ನಮ್ಮದರಿ, ಕಂಬಳಿ ಓಣಿದು. ಗಾಡಿ ಉಳಿಸ್ಕೊಂಡು ಕಂಬಳಿ ಬಿಟ್ಟು ಬಂದಿದ್ರ ನಾ ಅವಂಗ ಬಾಗಲಾ ತಗೀತಿದ್ದಿಲ್ಲ.”